ಸೋಗು: ವಿಜ್ಞಾನಕಥೆಯ ವೇಷಗಾರರನ್ನು ಕುರಿತು

ಬಯಲಾಟದವರ ಬಾಯಲ್ಲಿ ‘ಸೋಗು ಹಾಕುವುದು’ ಎಂದರೆ ಬಣ್ಣ ಬಳಿದು, ಕಿರೀಟ ಭುಜಕೀರ್ತಿ ಕಟ್ಟಿ ಪಾತ್ರವಾಗುವುದು. ಊರವರ ಬಾಯಲ್ಲಿ ಅದೇ ಮಾತು ಕಪಟಕ್ಕೂ ಸಲ್ಲುತ್ತದೆ. ‘ಸೋಗಲಾಡಿ’ ಎಂದರೆ ಬೈಗುಳ. ನಮ್ಮ ಮುಚ್ಚಂಡಿಯಂಥ ಗಡಿಯ ಊರಿನಲ್ಲಿ ಬಾಳಿದವರ ಕಿವಿಗೆ ಇದರ ಮರಾಠಿ ಒಡನಾಡಿ ಶಬ್ದವೂ ಬಿದ್ದಿರುತ್ತದೆ. ಅಲ್ಲಿ ‘ಸೋಂಗ’ ಎಂದರೆ ವೇಷ, ‘ಸೋಂಗಾಡ್ಯಾ’ ಎಂದರೆ ತಮಾಶಾದಲ್ಲಿ ಜನರನ್ನು ನಗಿಸುವ ವಿದೂಷಕ. ಜನ ಅವನಿಗಾಗಿ ಕಾದು ಕೂಡುತ್ತಾರೆ. ಕನ್ನಡದಲ್ಲಿ ನಿಂದೆಯಾದವನು ಮರಾಠಿಯಲ್ಲಿ ಪ್ರೀತಿಪಾತ್ರನಾದದ್ದು ಹೇಗೆಂಬುದನ್ನು ಭಾಷಾಶಾಸ್ತ್ರಜ್ಞರು ಹೇಳಲಿ. ವೇಷ ತೊಟ್ಟವನನ್ನು ಕಂಡಾಗ ಹಿಗ್ಗುವ ಮನಸ್ಸೂ ಸಂಶಯಿಸುವ ಮನಸ್ಸೂ ನಮ್ಮಲ್ಲಿ ಒಟ್ಟಿಗೇ ಇವೆ ಎಂಬುದು ಮಾತ್ರ ಈ ಎರಡು ಶಬ್ದಗಳಿಂದ ಸ್ಪಷ್ಟವಾಗುತ್ತದೆ.

ಇದನ್ನು ಇಲ್ಲಿ ಎತ್ತಲು ಕಾರಣವಿದೆ. ಬೆಂಗಳೂರಿನಲ್ಲಿ ೨೦೧೨ರಿಂದ ‘ಕಾಮಿಕ್ ಕಾನ್’ ಎಂಬ ಮೇಳ ನಡೆಯುತ್ತ ಬಂದಿದೆ. ಚಿತ್ರಕಥೆ, ವಿಜ್ಞಾನಕಥೆ, ಜಪಾನೀ ವ್ಯಂಗ್ಯಚಲಚಿತ್ರಗಳ ಅಭಿಮಾನಿಗಳು ತಮ್ಮ ಮೆಚ್ಚಿನ ಪಾತ್ರಗಳ ಉಡುಪು ತೊಟ್ಟು ಅಲ್ಲಿಗೆ ಬರುತ್ತಾರೆ. ನಮ್ಮ ಸೀಮೆಯಿಂದ ನೌಕರಿಗೆಂದು ಬೆಂಗಳೂರು, ಪುಣೆ ಸೇರಿದ ಮನೆಗಳ ಮಕ್ಕಳೂ ಅವರಲ್ಲಿದ್ದಾರೆ. ಊರಿಗೆ ಬಂದಾಗ ಅವರು ತೋರಿಸುವ ಭಾವಚಿತ್ರಗಳನ್ನು ನೋಡಿ ಹಿರಿಯರು ಆಡುವ ಮಾತು ಸಾಮಾನ್ಯವಾಗಿ ಒಂದೇ: “ಇದೇನು ಹುಚ್ಚಾಟ?” ಸಾಹಿತ್ಯದ ವಿದ್ಯಾರ್ಥಿಯಾದವನು ಆ ಮಾತಿಗೆ ನಿಲ್ಲಬಾರದು. ಒಂದು ಕೃತಿಯನ್ನು ಓದಿದವನು ಅಥವಾ ನೋಡಿದವನು ಅದರ ಪಾತ್ರವನ್ನು ತನ್ನ ಮೈಮೇಲೆ ತಂದುಕೊಳ್ಳುತ್ತಾನೆಂದರೆ ಅದು ಓದಿನದೇ ಒಂದು ಬಗೆ. ಓದಿನ ಬಗೆಯಾದ ಮೇಲೆ ಅದರ ಗುಣದೋಷಗಳನ್ನು ತೂಗುವುದು ವಿಮರ್ಶೆಯ ಕೆಲಸವೇ ಆಗುತ್ತದೆ.

ಈ ಪದ್ಧತಿಯ ಮೊದಲ ಪುಟ ಸ್ವಾರಸ್ಯಕರವಾಗಿದೆ. ೧೯೩೯ರ ಜುಲೈ ತಿಂಗಳಿನಲ್ಲಿ ನ್ಯೂಯಾರ್ಕಿನಲ್ಲಿ ಮೊದಲನೆಯ ವಿಶ್ವ ವಿಜ್ಞಾನಕಥಾ ಸಮ್ಮೇಳನ ಸೇರಿತು. ‘ವಿಶ್ವ’ ಎಂಬ ಹೆಸರು ದೊಡ್ಡದು, ನೆರೆದವರು ಸುಮಾರು ಇನ್ನೂರು ಜನ. ಲಾಸ್ ಏಂಜಲೀಸಿನಿಂದ ಬಂದ ಫಾರೆಸ್ಟ್ ಆಕರ್‌ಮನ್ ಎಂಬ ತರುಣ ಮತ್ತು ಮಿರ್ಟಲ್ ಡಗ್ಲಸ್ ಎಂಬ ಮಹಿಳೆ ಮಾತ್ರ ‘ನಾಳಿನ ಕಾಲದ ಉಡುಪು’ ತೊಟ್ಟು ಬಂದಿದ್ದರು. ಎಚ್. ಜಿ. ವೆಲ್ಸ್ ಅವರ ಕೃತಿಯನ್ನು ಆಧರಿಸಿ ೧೯೩೬ರಲ್ಲಿ ತೆರೆಕಂಡ ‘ಥಿಂಗ್ಸ್ ಟು ಕಮ್’ ಚಲನಚಿತ್ರ ಮತ್ತು ಫ್ರಾಂಕ್ ಪಾಲ್ ಎಂಬ ಕಲಾವಿದರು ಪತ್ರಿಕೆಗಳ ಹೊದಿಕೆಗೆ ಬರೆದ ಚಿತ್ರಗಳು ಆ ಉಡುಪಿಗೆ ಮಾದರಿ. ಎಲ್ಲರೂ ವೇಷದಲ್ಲೇ ಬರುವರೆಂದು ತಾವು ಭಾವಿಸಿದ್ದುದಾಗಿ ಆಕರ್‌ಮನ್ ಆಮೇಲೆ ನೆನಪಿಸಿಕೊಳ್ಳುತ್ತಿದ್ದರು. ಎರಡೂ ಉಡುಪುಗಳನ್ನು ಹೊಲಿದವರು ಮಿರ್ಟಲ್ ಡಗ್ಲಸ್. ಆಕೆ ಎಸ್ಪೆರಾಂಟೋ ಭಾಷೆಯ ಅಭಿಮಾನಿ. ತನ್ನ ಹೆಸರಿನ ಮೊದಲಕ್ಷರಗಳನ್ನು ಆ ಭಾಷೆಯಲ್ಲಿ ಉಚ್ಚರಿಸಿ ‘ಮೊರೊಜೊ’ ಎಂಬ ಹೆಸರಿಟ್ಟುಕೊಂಡಿದ್ದವರು. ಬಹುಕಾಲದವರೆಗೆ ಈ ಪದ್ಧತಿಯ ಮೂಲಪುರುಷನೆಂಬ ಕೀರ್ತಿ ಆಕರ್‌ಮನ್ನರಿಗೆ ಸಂದಿತು. ಸೂಜಿ ಹಿಡಿದ ಹೆಣ್ಣುಮಗಳ ಹೆಸರು ಈಚೆಗಷ್ಟೇ ಮುಂದೆ ಬಂದಿದೆ. ದೊಡ್ಡಾಟದ ಇತಿಹಾಸದಲ್ಲಿ ಕವಿಯ ಹೆಸರೂ ಪಾತ್ರಧಾರಿಯ ಹೆಸರೂ ಸಿಗುತ್ತವೆ. ಹಗುರ ಕಟ್ಟಿಗೆ ಕೆತ್ತಿ, ಬೇಗಡೆ ಕನ್ನಡಿ ಚೂರು ಅಂಟಿಸಿ ಕಿರೀಟ ಮಾಡಿದವರ ಹೆಸರು ಎಷ್ಟು ಕಡೆ ಸಿಗುತ್ತದೆ?

ಮರುವರ್ಷ ಚಿಕಾಗೋ ಸಮ್ಮೇಳನದಲ್ಲಿ ವೇಷಸ್ಪರ್ಧೆಯೇ ಏರ್ಪಟ್ಟಿತು. ಅಲ್ಲಿ ಬಹುಮಾನ ಪಡೆದ ಡೇವಿಡ್ ಕೈಲ್ ತೊಟ್ಟದ್ದು ನಾಯಕನ ವೇಷವನ್ನಲ್ಲ, ‘ಫ್ಲ್ಯಾಶ್ ಗಾರ್ಡನ್’ ಕಥೆಯ ಖಳನಾದ ಮಿಂಗ್‌ನ ವೇಷವನ್ನು. ಬಣ್ಣದ ವೇಷಕ್ಕಾಗಿ ರಾತ್ರಿಯೆಲ್ಲ ಕಾಯುವ ನಮ್ಮ ಪ್ರೇಕ್ಷಕರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು. ಸಜ್ಜನಿಕೆಗೆ ಕಸೆ ಅಂಗಿ ಸಾಕು. ದುಷ್ಟತನಕ್ಕೆ ಮಾತ್ರ ಪೂರ್ತಿ ಅಲಂಕಾರ ಬೇಕಾಗುತ್ತದೆ. ಈ ಪದ್ಧತಿಗೆ ಇಂದು ಪ್ರಚಲಿತವಾಗಿರುವ ‘ಕಾಸ್‌ಪ್ಲೇ’ ಎಂಬ ಹೆಸರು ಬಂದದ್ದು ಬಹಳ ತಡವಾಗಿ. ೧೯೮೦ರ ದಶಕದಲ್ಲಿ ಜಪಾನಿನ ನೊಬುಯುಕಿ ತಕಾಹಾಶಿ ಎಂಬವರು ಉಡುಪು ಮತ್ತು ಆಟ ಎಂಬ ಎರಡು ಇಂಗ್ಲಿಷ್ ಪದಗಳನ್ನು ಕತ್ತರಿಸಿ ಜೋಡಿಸಿದರು. ನಮ್ಮ ‘ಬಯಲಾಟ’, ‘ಸಣ್ಣಾಟ’ಗಳಲ್ಲಿಯೂ ಆಟವೆಂಬ ಪದವೇ ಕುಳಿತಿದೆಯಲ್ಲವೇ?

ಇನ್ನು ಶಾಸ್ತ್ರದ ಮಾತು. ಭರತನು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕಾಗಿ ವಿಂಗಡಿಸಿದ್ದನ್ನು ನಾವೆಲ್ಲ ಬಲ್ಲೆವು. ಆಹಾರ್ಯವೆಂದರೆ ವೇಷಭೂಷಣವೆಂದು ಒಂದೇ ಮಾತಿನಲ್ಲಿ ಹೇಳಿ ಮುಂದೆ ಸಾಗುವುದು ನಮ್ಮ ಪಾಠಪದ್ಧತಿ. ಆದರೆ ಭರತನು ಅದನ್ನು ಮತ್ತೆ ಪುಸ್ತ, ಅಲಂಕಾರ, ಅಂಗರಚನೆ, ಸಜ್ಜೀವ ಎಂದು ಒಡೆದಿದ್ದಾನೆ. ಇವುಗಳಲ್ಲಿ ಪುಸ್ತವೆಂದರೆ ರಂಗಕ್ಕಾಗಿ ಕೃತಕವಾಗಿ ನಿರ್ಮಿಸಿದ ವಸ್ತುಗಳು. ಬಟ್ಟೆ, ತೊಗಲು ಮುಂತಾದವನ್ನು ಜೋಡಿಸಿ ಮಾಡಿದ್ದು ಸಂಧಿಮ, ಸುತ್ತಿ ಮಾಡಿದ್ದು ವೇಷ್ಟಿಮ, ಯಂತ್ರದ ಉಪಾಯದಿಂದ ಚಲಿಸುವುದು ವ್ಯಾಜಿಮ. ಇಂದಿನ ತರುಣನು ಫೋಮ್ ಹಾಳೆಯನ್ನು ಕತ್ತರಿಸಿ, ಬಿಸಿಗಾಳಿಯಿಂದ ಬಾಗಿಸಿ, ಅಂಟು ಹಚ್ಚಿ ಬಣ್ಣ ಬಳಿದು ಉಕ್ಕಿನ ಕವಚವೆಂದು ನಂಬಿಸುತ್ತಾನೆ. ಎದೆಯಲ್ಲಿ ಸಣ್ಣ ದೀಪವಿಟ್ಟು ಯಂತ್ರಮಾನವನಾಗುತ್ತಾನೆ. ಇದು ಸಂಧಿಮವೂ ಹೌದು, ವ್ಯಾಜಿಮವೂ ಹೌದು. ಭರತನಿಗೆ ಇದು ಹೊಸದಾಗಿ ಕಾಣುತ್ತಿರಲಿಲ್ಲವೆಂದೇ ನನ್ನ ಎಣಿಕೆ.

ಕೊರತೆಯಿರುವುದು ಬೇರೆಡೆ. ಮೇಳದ ಅಂಗಳದಲ್ಲಿ ಅಡ್ಡಾಡುವ ವೇಷಗಾರ ಹೆಚ್ಚಾಗಿ ಮೌನಿ. ಅವನು ನಿಲ್ಲುತ್ತಾನೆ, ಭಂಗಿ ಕೊಡುತ್ತಾನೆ, ಛಾಯಾಚಿತ್ರ ತೆಗೆಸಿಕೊಳ್ಳುತ್ತಾನೆ, ಮುಂದೆ ನಡೆಯುತ್ತಾನೆ. ಆಹಾರ್ಯ ತುಂಬಿ ತುಳುಕುತ್ತಿರುವಾಗ ವಾಚಿಕ ಬರಿದಾಗಿದೆ. ಮೂಲದ ಪಡಿಯಚ್ಚಾಗುವುದೇ ಗುರಿಯಾದಾಗ ಓದುಗನ ಸ್ವಂತ ಅರ್ಥಕ್ಕೆ ಎಡೆಯೆಲ್ಲಿ? ಗುಂಡಿಯೊಂದು ತಪ್ಪಾದರೆ ಲೋಪವೆನ್ನುವ ಈ ನಿಷ್ಠೆ ಹಸ್ತಪ್ರತಿಯ ನಕಲುಗಾರನ ನಿಷ್ಠೆಗೆ ಹತ್ತಿರವಾದದ್ದು, ಕವಿಯ ನಿಷ್ಠೆಗಲ್ಲ. ವಿಶ್ವ ಸಮ್ಮೇಳನದವರು ಮಾತ್ರ ಇದನ್ನು ಬಹಳ ಹಿಂದೆಯೇ ಯೋಚಿಸಿದಂತಿದೆ. ಅಲ್ಲಿಯ ಸ್ಪರ್ಧೆಯಲ್ಲಿ ಪ್ರಸಿದ್ಧ ವೇಷದ ಪುನಾರಚನೆ ಬೇರೆ, ಸ್ವಂತ ಕಲ್ಪನೆಯ ವೇಷ ಬೇರೆ. ಜೊತೆಗೆ ಹೊಸಬ, ನುರಿತವ, ನಿಪುಣ ಎಂಬ ದರ್ಜೆಗಳೂ ಇವೆ. ಜಾತ್ರೆಯ ಕುಸ್ತಿಯಲ್ಲಿ ಜೋಡಿ ನೋಡಿ ಪೈಲವಾನರನ್ನು ಕಣಕ್ಕಿಳಿಸುವಂತೆ ಹೊಸಬನನ್ನು ಪಳಗಿದವನ ಎದುರಿಗೆ ನಿಲ್ಲಿಸುವುದಿಲ್ಲ. ವಿವೇಕದ ಏರ್ಪಾಡು.

ವಿವೇಕ ಎಲ್ಲ ಕಾಲಕ್ಕೂ ಇತ್ತೆಂದಲ್ಲ. ೧೯೭೨ರ ಲಾಸ್ ಏಂಜಲೀಸ್ ಸಮ್ಮೇಳನದಲ್ಲಿ ಒಬ್ಬಾತ ಬಟ್ಟೆಗೆ ಬದಲಾಗಿ ಮೈತುಂಬ ಶೇಂಗಾದ ಬೆಣ್ಣೆ ಮೆತ್ತಿಕೊಂಡು ರಂಗವೇರಿದ. ದೀಪಗಳ ಬಿಸಿಗೆ ಅದು ಕರಗಿ, ನಾರಿ, ಪಕ್ಕದವರ ಉಡುಪುಗಳಿಗೂ ಹತ್ತಿತು. ವೇಷಸ್ಪರ್ಧೆಗಳ ನಿಯಮಗಳಲ್ಲಿ ‘ಶೇಂಗಾದ ಬೆಣ್ಣೆ ಕೂಡದು’ ಎಂಬ ಸಾಲು ಸೇರಿದ್ದು ಅದರಿಂದ. ಶೇಂಗಾ ಬೆಳೆಯುವ ಸೀಮೆಯವರಾದ ನಮಗೆ ನಗು ಬರುವುದಕ್ಕಿಂತ ಕಾಳು ಹಾಳಾಯಿತಲ್ಲ ಎಂಬ ಮರುಕವೇ ಮೊದಲು ಬರುತ್ತದೆ.

ಹಿರಿಯರ ಮುಖ್ಯ ಆಕ್ಷೇಪಣೆ ಇನ್ನೊಂದು: ಇದು ಪರದೇಶದವರ ಅನುಕರಣೆ, ನಮ್ಮ ಮಣ್ಣಿನದಲ್ಲ. ಈ ಮಾತನ್ನಾಡುವವರು ನಮ್ಮ ಜಿಲ್ಲೆಯ ಇತಿಹಾಸವನ್ನೊಮ್ಮೆ ನೆನೆಯಬೇಕು. ಉತ್ತರ ಕನ್ನಡದ ಕಡೆಯ ಭಾಗವತ ಮೇಳವೊಂದು ಸಾಂಗಲಿಗೆ ಬಂದು ಆಟವಾಡಿತು. ಅದನ್ನು ನೋಡಿದ ಸಂಸ್ಥಾನಾಧೀಶ ಚಿಂತಾಮಣರಾವ್ ಪಟವರ್ಧನರು ಇಂಥದು ಮರಾಠಿಯಲ್ಲಿಯೂ ಆಗಬೇಕೆಂದು ತಮ್ಮ ಆಶ್ರಿತರಾದ ವಿಷ್ಣುದಾಸ ಭಾವೆಯವರಿಗೆ ಹೇಳಿದರು. ೧೮೪೩ರ ನವೆಂಬರ್ ೫ರಂದು ಸಾಂಗಲಿಯಲ್ಲಿ ‘ಸೀತಾ ಸ್ವಯಂವರ’ ರಂಗವೇರಿತು. ಆ ದಿನವನ್ನು ಮರಾಠಿ ಬಂಧುಗಳು ಇಂದಿಗೂ ರಂಗಭೂಮಿ ದಿನವೆಂದು ಆಚರಿಸುತ್ತಾರೆ. ಕನ್ನಡ ವೇಷವನ್ನು ನೋಡಿ ಮರಾಠಿ ನಾಟಕ ಹುಟ್ಟಿತು. ಮುಂದೆ ಮರಾಠಿ ಸಂಗೀತ ನಾಟಕವನ್ನು ನೋಡಿ ನಮ್ಮ ಉತ್ತರ ಕರ್ನಾಟಕದ ವೃತ್ತಿರಂಗಭೂಮಿ ಕಳೆ ಪಡೆಯಿತು. ವೇಷ ಗಡಿ ದಾಟುವುದನ್ನು ದೋಷವೆನ್ನುವುದಾದರೆ ಈ ಎರಡೂ ರಂಗಭೂಮಿಗಳನ್ನು ತಿರಸ್ಕರಿಸಬೇಕಾದೀತು. ನ್ಯೂಯಾರ್ಕಿನ ಉಡುಪು ಬೆಂಗಳೂರಿಗೆ ಬಂದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ.

ಆದ್ದರಿಂದ ನನ್ನ ತಕರಾರು ಪರಕೀಯತೆಯ ಬಗ್ಗೆ ಅಲ್ಲ. ನನ್ನ ತಕರಾರು ಯಾವ ವೇಷಗಾರನಿಗೆ ನಾವು ಟಿಕೀಟು ಕೊಂಡು ಚಪ್ಪಾಳೆ ತಟ್ಟುತ್ತೇವೆ, ಯಾವನಿಗೆ ಬಾಗಿಲು ಮುಂದೆ ಮಾಡುತ್ತೇವೆ ಎಂಬುದರ ಬಗ್ಗೆ.

ಹಗಲುವೇಷದವರನ್ನು ಕಂಡ ನನ್ನ ವಯಸ್ಸಿನವರು ಈ ಭಾಗದಲ್ಲಿ ಇನ್ನೂ ಇದ್ದಾರೆ. ಬಳ್ಳಾರಿ, ರಾಯಚೂರು, ಕೊಪ್ಪಳ, ಕಲಬುರಗಿ ಸೀಮೆಗಳಲ್ಲಿ ಬುಡ್ಗಜಂಗಮರೇ ಮೊದಲಾದ ಅಲೆಮಾರಿ ಸಮುದಾಯದವರು ವಂಶಪಾರಂಪರ್ಯವಾಗಿ ನಡೆಸಿಕೊಂಡು ಬಂದ ಕಲೆ ಇದು. ರಾತ್ರಿಯ ಮರೆಯಿಲ್ಲ, ಪರದೆಯಿಲ್ಲ, ಅಟ್ಟವಿಲ್ಲ, ದೀಪವಿಲ್ಲ. ಉರಿಬಿಸಿಲಿನಲ್ಲಿ, ಹತ್ತು ಮೊಳದ ಅಂತರದಲ್ಲಿ, ಬಣ್ಣದ ಬಿರುಕೂ ಕಾಣುವ ಬೆಳಕಿನಲ್ಲಿ ಭೀಮನೋ ಶೂರ್ಪನಖಿಯೋ ಆಗಿ ನಿಲ್ಲಬೇಕು. ಅರದಾಳ, ಇಂಗಳೀಕ, ಕಾಡಿಗೆಗಳೇ ಅವರ ಬಣ್ಣದ ಪೆಟ್ಟಿಗೆ. ಹಾರ್ಮೋನಿಯಂ, ತಬಲಾ ಅವರ ಹಿಮ್ಮೇಳ. ಒಂದು ಊರಿಗೆ ಬಂದರೆ ಹಲವು ದಿನ ತಂಗಿ, ದಿನಕ್ಕೊಂದು ವೇಷದಲ್ಲಿ ಓಣಿ ಓಣಿ ತಿರುಗಿ, ಕಡೆಯ ದಿನ ಕಾಳುಕಡಿ, ಹಣ, ಹಳೆಯ ಬಟ್ಟೆ ಸಂಗ್ರಹಿಸಿಕೊಂಡು ಮುಂದಿನ ಊರಿಗೆ ಹೋಗುವುದು ಅವರ ಕ್ರಮ. ಮಹಾರಾಷ್ಟ್ರದ ಬಹುರೂಪಿಗಳು ಇವರ ದಾಯಾದಿಗಳು. ಬಹುರೂಪಿ ಪೋಲೀಸು ಫೌಜುದಾರನ ವೇಷದಲ್ಲಿ ಬಂದು ಮನೆಯ ಯಜಮಾನನನ್ನೇ ದಬಾಯಿಸುವುದುಂಟು. ಯಜಮಾನ ಒಂದು ಕ್ಷಣ ಹೆದರಿ, ಆಮೇಲೆ ನಕ್ಕು, ಕೈಗೆ ದುಡ್ಡು ಇಡಬೇಕು. ಆ ಒಂದು ಕ್ಷಣದ ಹೆದರಿಕೆಯಲ್ಲಿ ಇಡೀ ಅಧಿಕಾರದ ವಿಮರ್ಶೆಯಿದೆ. ಖಾಕಿ ಬಟ್ಟೆಯನ್ನು ಕಂಡು ನಾವು ಹೆದರಿದೆವೋ, ಅದರೊಳಗಿನ ಮನುಷ್ಯನನ್ನು ಕಂಡೋ? ಫೋಮಿನ ಕವಚದ ತರುಣ ಈ ಪ್ರಶ್ನೆಯನ್ನು ನಮ್ಮಲ್ಲಿ ಹುಟ್ಟಿಸಲಾರ. ಕಲೆಯ ತೂಕದಲ್ಲಿ ಬಹುರೂಪಿಯ ತಟ್ಟೆಯೇ ಕೆಳಗಿಳಿಯುತ್ತದೆಂದು ನಿಸ್ಸಂಕೋಚವಾಗಿ ಹೇಳುತ್ತೇನೆ.

ಕಾನೂನಿನ ತೂಕ ಮಾತ್ರ ಬೇರೆ. ೧೯೫೯ರ ಮುಂಬಯಿ ಭಿಕ್ಷಾಟನೆ ನಿಷೇಧ ಕಾನೂನು ಭಿಕ್ಷೆಯೆಂದರೇನು ಎಂಬುದನ್ನು ವಿವರಿಸುವಾಗ, ಹಾಡುವುದು, ಕುಣಿಯುವುದು, ಭವಿಷ್ಯ ಹೇಳುವುದು, ಪ್ರದರ್ಶನ ನೀಡುವುದು ಮುಂತಾದ ಯಾವ ನೆಪದಿಂದಲಾದರೂ ಸಾರ್ವಜನಿಕ ಸ್ಥಳದಲ್ಲಿ ಬೇಡುವುದನ್ನು ಅದರಲ್ಲಿ ಸೇರಿಸಿದೆ. ‘ನೆಪ’ ಎಂಬ ಮಾತನ್ನು ಗಮನಿಸಬೇಕು. ಹಾಡು, ಕುಣಿತ, ವೇಷ ಇವೆಲ್ಲ ಆ ಕಾನೂನಿನ ಕಣ್ಣಿಗೆ ಸೋಗು, ಒಳಗಿರುವುದು ಬೇಡಿಕೆಯೊಂದೇ. ಈ ಲೇಖನದ ಆರಂಭದಲ್ಲಿ ಹೇಳಿದ ಎರಡು ಅರ್ಥಗಳಲ್ಲಿ ಬೈಗುಳದ ಅರ್ಥವನ್ನು ಶಾಸನವೇ ಎತ್ತಿಹಿಡಿದಂತಾಯಿತು. ದಿಲ್ಲಿಗೂ ವಿಸ್ತರಿಸಿದ್ದ ಈ ಕಾನೂನಿನ ಹಲವು ಕಲಮುಗಳನ್ನು ಅಲ್ಲಿಯ ಉಚ್ಚ ನ್ಯಾಯಾಲಯ ೨೦೧೮ರಲ್ಲಿ ದಿಲ್ಲಿಯ ಮಟ್ಟಿಗೆ ರದ್ದುಪಡಿಸಿತು. ಹಣ ತೆತ್ತು ಒಳಹೋಗಿ ವೇಷ ತೊಟ್ಟವನು ಕಲಾಭಿಮಾನಿ, ವೇಷ ತೊಟ್ಟು ಹಣ ಕೇಳಿದವನು ಭಿಕ್ಷುಕ. ಈ ಅಸಮಾನತೆಯನ್ನು ಬಿಟ್ಟು ವೇಷದ ಸೌಂದರ್ಯಶಾಸ್ತ್ರವನ್ನು ಚರ್ಚಿಸುವುದು ನನಗೆ ಸಾಧ್ಯವಾಗುತ್ತಿಲ್ಲ.

ನಮ್ಮ ಕಾವ್ಯಪರಂಪರೆ ವೇಷವನ್ನು ಇಷ್ಟು ಕೀಳಾಗಿ ಕಂಡಿಲ್ಲ. ಡಂಭದ ವೇಷವನ್ನು ವಚನಕಾರರು ನಿಷ್ಠುರವಾಗಿ ಖಂಡಿಸಿದರು, ನಿಜ. ಅವರು ಖಂಡಿಸಿದ್ದು ನಡೆಯಿಲ್ಲದ ವೇಷವನ್ನು. ಇತ್ತ ಕುಮಾರವ್ಯಾಸನ ವಿರಾಟಪರ್ವವನ್ನು ತೆರೆದರೆ ವೇಷವೇ ಕಥೆಯ ಉಸಿರು. ಧರ್ಮಜ ಕಂಕನಾಗಿ, ಭೀಮ ಅಡುಗೆಯ ವಲಲನಾಗಿ, ಅರ್ಜುನ ಬೃಹನ್ನಳೆಯಾಗಿ, ದ್ರೌಪದಿ ಸೈರಂಧ್ರಿಯಾಗಿ ಒಂದು ವರ್ಷ ಬಾಳುತ್ತಾರೆ. ಕೀಚಕನನ್ನು ಕೊಲ್ಲಲು ಭೀಮ ಹೆಣ್ಣಿನ ವೇಷ ತೊಟ್ಟು ಕತ್ತಲಲ್ಲಿ ಕಾಯುತ್ತಾನೆ. ಒಂದು ವೇಷದ ಮೇಲೆ ಇನ್ನೊಂದು ವೇಷ. ಮಳೆ ಹೋದ ವರ್ಷ ವಿರಾಟಪರ್ವವನ್ನು ಓದಿಸುವ ರೂಢಿ ಕನ್ನಡ ನಾಡಿನಲ್ಲಿ ಬೆಳೆದು ಬಂದಿದೆ. ಬರಗಾಲಕ್ಕೆ ಹೆಸರಾದ ನಮ್ಮ ಜತ್ತ ತಾಲೂಕಿನವರು ಈ ರೂಢಿಯ ಮರ್ಮವನ್ನು ಬೇರೆಯವರಿಗಿಂತ ಚೆನ್ನಾಗಿ ಬಲ್ಲರು. ಮಹಾಭಾರತದ ಅಷ್ಟೂ ಪರ್ವಗಳಲ್ಲಿ ಎಲ್ಲರೂ ವೇಷ ಹಾಕಿ ಅಡಗಿರುವ ಪರ್ವವನ್ನೇ ಜನ ಮಳೆಗಾಗಿ ಆರಿಸಿದರಲ್ಲ! ಪಾಂಡವರು ಇದ್ದ ನಾಡು ಸುಭಿಕ್ಷವಾಗಿತ್ತು ಎಂಬುದು ಪಂಡಿತರು ಕೊಡುವ ಕಾರಣ. ಒಳ್ಳೆಯವರು ಯಾವ ವೇಷದಲ್ಲಿದ್ದರೂ ಮಳೆ ಅವರ ಗುರುತು ಹಿಡಿಯುತ್ತದೆ ಎಂದು ನಮ್ಮ ಒಕ್ಕಲಿಗರು ಅರ್ಥಮಾಡಿಕೊಂಡಿರಬಹುದು.

ಶ್ರೀಕೃಷ್ಣ ಪಾರಿಜಾತದಲ್ಲಿ ಕೃಷ್ಣ ಕೊರವಂಜಿಯಾಗಿ ಬರುವ ಭಾಗವನ್ನೂ ಇಲ್ಲಿ ನೆನೆಯಬಹುದು. ಗೋಕಾಕ, ಮುಧೋಳ ಕಡೆಯ ಮೇಳಗಳ ಆಟ ನೋಡಿದವರಿಗೆ ಆ ಭಾಗದ ರುಚಿ ಗೊತ್ತು. ದೇವರು ಬೀದಿಯಲ್ಲಿ ಶಕುನ ಹೇಳುವ ಅಲೆಮಾರಿ ಹೆಣ್ಣಾಗಿ ಬಂದು ನಿಂತಾಗ ಜನ ನಗುತ್ತಾರೆ, ಕೈಯನ್ನೂ ಮುಗಿಯುತ್ತಾರೆ. ಮೇಲಿನ ಕಾನೂನು ಬರೆದವರು ಪಾರಿಜಾತ ನೋಡಿದ್ದರೆ ಭವಿಷ್ಯ ಹೇಳುವವರನ್ನು ಆ ಪಟ್ಟಿಯಲ್ಲಿ ಸೇರಿಸಲು ಒಮ್ಮೆ ಅನುಮಾನಿಸುತ್ತಿದ್ದರೇನೋ.

ಹರಕೆಯ ವೇಷವೂ ಉಂಟು. ಮೊಹರಮ್ಮಿನಲ್ಲಿ ಮಗುವಿನ ಕಾಯಿಲೆ ವಾಸಿಯಾಗಲೆಂದು ಹುಲಿವೇಷ ಹೊರುವವರಲ್ಲಿ ಹಿಂದೂ ಮುಸಲ್ಮಾನರೆಂಬ ಭೇದವನ್ನು ನಮ್ಮ ಹಳ್ಳಿಗಳು ಎಣಿಸಿಲ್ಲ. ಇದಕ್ಕೆ ಸಮೀಪದ ಉದಾಹರಣೆ ವಿಜ್ಞಾನಕಥೆಯ ಲೋಕದಲ್ಲಿಯೂ ಇದೆ. ೧೯೭೭ರಲ್ಲಿ ತೆರೆಕಂಡ ‘ಸ್ಟಾರ್ ವಾರ್ಸ್’ ಚಿತ್ರದ ಖಳಸೈನಿಕರ ಬಿಳಿಯ ಕವಚವನ್ನು ತೊಡುವ ಅಭಿಮಾನಿಗಳ ‘೫೦೧ನೇ ಲೀಜನ್’ ಎಂಬ ಸಂಘ ೧೯೯೭ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ಕವಚ ಮೂಲಕ್ಕೆ ಸರಿಹೊಂದಿದೆಯೆಂದು ಪರೀಕ್ಷಿಸಿಯೇ ಸದಸ್ಯತ್ವ ಕೊಡುತ್ತಾರೆ. ಅದೇ ಜನ ಆಸ್ಪತ್ರೆಗಳಿಗೆ ಹೋಗಿ ಕಾಯಿಲೆಯ ಮಕ್ಕಳನ್ನು ರಂಜಿಸುತ್ತಾರೆ, ಧರ್ಮಕಾರ್ಯಗಳಿಗೆ ಹಣ ಕೂಡಿಸುತ್ತಾರೆ. ಆ ಚಿತ್ರದ ಕಪ್ಪು ಮುಖವಾಡದ ಡಾರ್ತ್ ವೇಡರ್ ಪಾತ್ರಕ್ಕೆ ಮೈ ಕೊಟ್ಟವರು ಡೇವಿಡ್ ಪ್ರೌಸ್, ದನಿ ಕೊಟ್ಟವರು ಜೇಮ್ಸ್ ಅರ್ಲ್ ಜೋನ್ಸ್. ಭಾಗವತ ಹಾಡಿ ವೇಷಧಾರಿ ಕುಣಿಯುವುದನ್ನು ಕಂಡ ನಮಗೆ ಇದು ಪರಿಚಿತ ವ್ಯವಸ್ಥೆ.

ಈಗ ಕನ್ನಡ ವಿಜ್ಞಾನಕಥೆಗೆ ಬರುತ್ತೇನೆ. ನನ್ನ ನಿಜವಾದ ಅಸಮಾಧಾನ ಇರುವುದು ಇಲ್ಲಿ. ಮೇಳದಲ್ಲಿ ನಮ್ಮ ಮಕ್ಕಳು ತೊಡುವುದು ಅಮೆರಿಕದ ಅಥವಾ ಜಪಾನಿನ ಪಾತ್ರಗಳನ್ನು. ಅವರನ್ನು ದೂರುವ ಮೊದಲು ಕೇಳಬೇಕಾದ ಪ್ರಶ್ನೆ: ಉಡುಪಿನಿಂದಲೇ ಗುರುತಿಸಬಹುದಾದ ಒಂದು ಪಾತ್ರವನ್ನಾದರೂ ಕನ್ನಡ ವಿಜ್ಞಾನಕಥೆ ಅವರ ಕೈಗೆ ಕೊಟ್ಟಿದೆಯೇ? ರಾಜಶೇಖರ ಭೂಸನೂರಮಠರಂಥವರು ಈ ಪ್ರಕಾರಕ್ಕಾಗಿ ಶ್ರಮಿಸಿದ್ದನ್ನು ಗೌರವದಿಂದ ನೆನೆಯುತ್ತೇನೆ. ಆದರೆ ಒಟ್ಟು ಪ್ರಕಾರವನ್ನು ನೋಡಿದಾಗ ನಮ್ಮ ವಿಜ್ಞಾನಕಥೆಯಲ್ಲಿ ನಾಯಕಪಟ್ಟ ದೊರಕಿದ್ದು ಮನುಷ್ಯನಿಗಲ್ಲ, ಸಿದ್ಧಾಂತಕ್ಕೆ. ವಿಜ್ಞಾನಿಯೊಬ್ಬ ಪ್ರಯೋಗಶಾಲೆಯಲ್ಲಿ ಕುಳಿತು ಶಿಷ್ಯನಿಗೆ ವಿವರಿಸುತ್ತಾನೆ, ಶಿಷ್ಯ ಬೆರಗಾಗುತ್ತಾನೆ, ಕಥೆ ಮುಗಿಯುತ್ತದೆ. ಅವನು ಏನು ಉಟ್ಟಿದ್ದ, ಹೇಗೆ ನಡೆಯುತ್ತಿದ್ದ, ಸೊಂಟದಲ್ಲಿ ಏನು ಸಿಕ್ಕಿಸಿಕೊಂಡಿದ್ದ ಎಂಬುದನ್ನು ಕಥೆಗಾರ ಹೇಳಲೊಲ್ಲ. ಪಾಠ ಹೇಳಿ ಬಾಳಿದ ನನ್ನಂಥವನಿಗೆ ಇಂಥ ಕಥೆಗಳಲ್ಲಿ ಶಾಲೆಯ ವಾಸನೆ ಬೇಗ ಹತ್ತುತ್ತದೆ. ಪ್ರತಿಯೊಬ್ಬ ವೀರನನ್ನೂ ತೊಡವು ಆಯುಧಗಳಿಂದ ಕಣ್ಣೆದುರು ನಿಲ್ಲಿಸಿದ ಪಂಪ, ರನ್ನರ ಭಾಷೆಯಲ್ಲಿ ಹೀಗಾದದ್ದು ವಿಚಿತ್ರ. ೨೦೦೨ರ ‘ಹಾಲಿವುಡ್’ ಚಲನಚಿತ್ರದಲ್ಲಿ ಉಪೇಂದ್ರ ಯಂತ್ರಮಾನವನಾಗಿ ಕಾಣಿಸಿಕೊಂಡರು. ಪುಸ್ತಕದಲ್ಲಿ ಅಷ್ಟೂ ಆಗಿಲ್ಲ.

ನೆರೆಯ ಮರಾಠಿಯ ಕಥೆ ಬೇರೆ. ಕೊಲ್ಹಾಪುರದಲ್ಲಿ ಹುಟ್ಟಿದ ಖಗೋಳವಿಜ್ಞಾನಿ ಜಯಂತ ವಿಷ್ಣು ನಾರಳೀಕರರು ೧೯೭೪ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಗೆ ‘ಕೃಷ್ಣವಿವರ’ ಎಂಬ ಕಥೆ ಕಳುಹಿಸಿದರು. ತಮ್ಮ ಖ್ಯಾತಿ ತೀರ್ಪುಗಾರರ ಮೇಲೆ ಪ್ರಭಾವ ಬೀರಬಾರದೆಂದು ಹೆಸರಿನ ಮೊದಲಕ್ಷರಗಳನ್ನು ಹಿಂದುಮುಂದಾಗಿಸಿ ನಾರಾಯಣ ವಿನಾಯಕ ಜಗತಾಪ ಎಂಬ ಹೆಸರು ಹಾಕಿದರು. ಮೊದಲ ಬಹುಮಾನ ಆ ಜಗತಾಪರಿಗೆ ಬಂದಿತು. ೨೦೨೧ರಲ್ಲಿ ನಾಶಿಕದ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನಕ್ಕೆ ಇದೇ ನಾರಳೀಕರರು ಅಧ್ಯಕ್ಷರಾದರು. ವಿಜ್ಞಾನಕಥೆ ಬರೆದವನನ್ನು ಸಾಹಿತಿಗಳ ಸಾಲಿನ ತುದಿಗೆ ಕೂರಿಸದೆ ನಡುವೆ ಕೂರಿಸಿದ ಔದಾರ್ಯವದು. ಒಂದು ಹೆಸರನ್ನು ಕಳಚಿಟ್ಟು ಇನ್ನೊಂದನ್ನು ತೊಟ್ಟು ನ್ಯಾಯವಾದ ತೀರ್ಪು ಪಡೆದ ಆ ಅಜ್ಞಾತವಾಸಕ್ಕೆ ವಿರಾಟಪರ್ವದ ಗಾಂಭೀರ್ಯವಿದೆ.

ನಮ್ಮ ಕನ್ನಡ ಶಾಲೆಗಳ ವೇಷಭೂಷಣ ಸ್ಪರ್ಧೆಗಳನ್ನು ನಾನು ದಶಕಗಳ ಕಾಲ ನಡೆಸಿದ್ದೇನೆ, ತೀರ್ಪನ್ನೂ ಕೊಟ್ಟಿದ್ದೇನೆ. ಪ್ರತಿವರ್ಷವೂ ಕಿತ್ತೂರು ಚೆನ್ನಮ್ಮ, ಸಂಗೊಳ್ಳಿ ರಾಯಣ್ಣ, ಬಸವಣ್ಣ, ಗುಡ್ಡಾಪುರದ ದಾನಮ್ಮ. ಅದರ ಜೊತೆಗೆ ಶಿವಾಜಿ, ಜಿಜಾಬಾಯಿ. ಎಲ್ಲರೂ ನಿನ್ನೆಯವರು. ನಾಳೆಯವನಾಗಿ ಒಬ್ಬ ಹುಡುಗನೂ ಬಂದದ್ದಿಲ್ಲ. ಚಂದ್ರಯಾನದ ಹೆಸರಿನಲ್ಲಿ ರಟ್ಟಿನ ರಾಕೆಟ್ಟು ಕಟ್ಟಿಕೊಂಡು ಬಂದವರುಂಟು. ಅದು ಯಂತ್ರದ ವೇಷ, ಮನುಷ್ಯನ ವೇಷವಲ್ಲ. ಗಡಿಯಲ್ಲಿರುವ ಭಾಷಿಕರಿಗೆ ನಿನ್ನೆಯ ವೇಷ ಅವಶ್ಯಕ, ಏಕೆಂದರೆ ನಾವು ಯಾರೆಂಬುದನ್ನು ಅದು ಹೇಳುತ್ತದೆ. ಆದರೆ ಕನ್ನಡ ಮಾತನಾಡುವ ಮನುಷ್ಯನೊಬ್ಬ ನೂರು ವರ್ಷಗಳ ಅನಂತರವೂ ಇದ್ದಾನೆ, ಇಂಥ ಬಟ್ಟೆ ತೊಟ್ಟಿದ್ದಾನೆ, ಇಂಥ ಕೆಲಸ ಮಾಡುತ್ತಿದ್ದಾನೆ ಎಂದು ಕಲ್ಪಿಸಿಕೊಳ್ಳಲು ಜತ್ತದ ಹುಡುಗಿಯೊಬ್ಬಳಿಗೆ ಸಾಧ್ಯವಾಗದಿದ್ದರೆ ಅವಳು ಕನ್ನಡ ಶಾಲೆಯ ಹಾಜರಿಪಟ್ಟಿಯಲ್ಲಿ ಉಳಿದೂ ಏನು ಪ್ರಯೋಜನ?

ಆದ್ದರಿಂದ ಸಂಘದ ಪದಾಧಿಕಾರಿಗಳಲ್ಲಿ ಎರಡು ವಿನಂತಿಗಳಿವೆ. ಮುಂದಿನ ಸಮ್ಮೇಳನದ ಮೆರವಣಿಗೆಗೆ ಹಗಲುವೇಷದ ಒಂದು ಮೇಳವನ್ನು ಕರೆಸಬೇಕು; ಶಾಲು ಹೊದಿಸಿ ಕಳುಹಿಸದೆ, ಭಾಷಣಕಾರರಿಗೆ ಕೊಡುವಷ್ಟೇ ಗೌರವಧನವನ್ನು ಲಕೋಟೆಯಲ್ಲಿಟ್ಟು ಕೊಡಬೇಕು. ಅವರಿಗೆ ಊಟದ ಪಂಕ್ತಿಯೂ ಎಲ್ಲರ ಜೊತೆಯಲ್ಲೇ ಆಗಬೇಕು. ಎರಡನೆಯದಾಗಿ, ಕಥಾಸ್ಪರ್ಧೆಯಲ್ಲಿ ವಿಜ್ಞಾನಕಥೆಗೆ ಪ್ರತ್ಯೇಕ ಬಹುಮಾನವಿಡಬೇಕು. ಕಥೆ ನಮ್ಮ ಸೀಮೆಯಲ್ಲೇ ನಡೆಯಲಿ: ಮಳೆ ಬಾರದ ಮುಚ್ಚಂಡಿಯ ಎರೆಹೊಲದಲ್ಲಿ, ಸಂಖ ಅಥವಾ ಉಮದಿಯ ಸಂತೆಯಲ್ಲಿ, ಇಸವಿ ಮಾತ್ರ ೨೧೨೫ ಇರಲಿ. ಕಥೆಯ ಮುಖ್ಯಪಾತ್ರದ ಉಡುಪನ್ನು ದರ್ಜಿಗೆ ಓದಿ ಹೇಳಿದರೆ ಆತ ಬಟ್ಟೆ ಕತ್ತರಿಸುವಷ್ಟು ಸ್ಪಷ್ಟವಾಗಿ ಬರೆದಿರಬೇಕೆಂಬ ಒಂದು ನಿಯಮವನ್ನೂ ಸೇರಿಸಬಹುದು. ಬಹುಮಾನ ಪಡೆದ ಕಥೆಯ ಉಡುಪನ್ನು ಹೊಲಿಸಿ, ಆ ವರ್ಷದ ಮೆರವಣಿಗೆಯಲ್ಲಿ ಚೆನ್ನಮ್ಮ, ರಾಯಣ್ಣರ ಪಕ್ಕದಲ್ಲಿ ಏಳನೆಯ ಇಯತ್ತೆಯ ಮಗುವೊಂದಕ್ಕೆ ತೊಡಿಸೋಣ. ಹೊಲಿಗೆಯ ಖರ್ಚನ್ನು ನಾನು ಭರಿಸುತ್ತೇನೆ. ಹೊಲಿದವರ ಹೆಸರನ್ನು ಸಂಚಿಕೆಯಲ್ಲಿ ಅಚ್ಚುಮಾಡುವ ಹೊಣೆ ಸಂಪಾದಕ ಮಂಡಳಿಯದು.